ಮೊದಲು ಬೂದು, ಆಮೇಲೆ ಬಣ್ಣ

1977ರ ‘ಘಟಶ್ರಾದ್ಧ’ ಕಪ್ಪುಬಿಳುಪಿನ ಚಿತ್ರ. ನಿರ್ದೇಶನ ಗಿರೀಶ ಕಾಸರವಳ್ಳಿಯವರದು, ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ಪ್ರೊಜೆಕ್ಟರಿನ ಬಣ್ಣ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಬಣ್ಣವೇ ಇಲ್ಲದ ಈ ಚಿತ್ರಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ವರ್ಣಚಿತ್ರದಲ್ಲಿ ಎಲೆ ಸ್ವಲ್ಪ ಹೆಚ್ಚು ಹಸಿರಾಗಿದ್ದರೂ ಕಣ್ಣು ಒಪ್ಪಿಕೊಂಡುಬಿಡುತ್ತದೆ. ಇಲ್ಲಿ ಹಾಗಾಗದು. ಬೂದು ಬೂದಾಗಿಯೇ ಕಾಣಬೇಕು. ಚಿತ್ರದ ಬಾಲಕ ನಾಣಿಯ ಮುಖದ ಮೇಲೆ ಹಸಿರು ಸುಳಿದರೆ ತಪ್ಪು ಯಂತ್ರದ್ದೇ.

ನಮ್ಮ ಫಿಲ್ಮ್ ಸೊಸೈಟಿಗಳ, ಕಾಲೇಜುಗಳ ಪ್ರದರ್ಶನಗಳಲ್ಲಿ ಆ ಹಸಿರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕಾರಣ ‘ಡೈನಾಮಿಕ್’ ಎಂಬ ಮೋಡ್. ಈಗಲೂ ಅನೇಕ ಪ್ರೊಜೆಕ್ಟರುಗಳಲ್ಲಿರುವ ಪಾದರಸದ ದೀಪದ ಬೆಳಕಿನಲ್ಲಿ ಹಸಿರು ಜಾಸ್ತಿ, ಕೆಂಪು ಕಡಿಮೆ. ಬಿಳುಪು ಬಿಳುಪಾಗಬೇಕಾದರೆ ಹಸಿರನ್ನು ತಗ್ಗಿಸಬೇಕು, ತಗ್ಗಿಸಿದರೆ ಒಟ್ಟು ಬೆಳಕೂ ಇಳಿಯುತ್ತದೆ. ಡೈನಾಮಿಕ್‌ನಲ್ಲಿ ಹಾಗೆ ತಗ್ಗಿಸುವುದಿಲ್ಲ. ಇದ್ದ ಬೆಳಕನ್ನೆಲ್ಲ ಪರದೆಗೆ ಹರಿಸಲಾಗುತ್ತದೆ. ಡಬ್ಬಿಯ ಮೇಲೆ ಅಚ್ಚಾಗುವ ಲ್ಯೂಮೆನ್ ಲೆಕ್ಕ ಸಾಮಾನ್ಯವಾಗಿ ಈ ಬಗೆಯ ಮೋಡಿನದು. ಒಂದೇ ಚಿಪ್ಪಿನ ಡಿಎಲ್‌ಪಿ ಯಂತ್ರಗಳದು ಇನ್ನೊಂದು ತೊಡಕು. ಕೆಂಪು, ಹಸಿರು, ನೀಲಿಗಳ ತಿರುಗುವ ಚಕ್ರಕ್ಕೆ ಎಷ್ಟೋ ಮಾದರಿಗಳಲ್ಲಿ ಬಣ್ಣವಿಲ್ಲದ ತುಂಡೊಂದನ್ನೂ ಸೇರಿಸಿರುತ್ತಾರೆ. ಅದರಿಂದ ಬಿಳುಪು ಝಗ್ಗೆನ್ನುತ್ತದೆ, ಆದರೆ ಅದೇ ಚೌಕಟ್ಟಿನಲ್ಲಿರುವ ಕೆಂಪು ಸೀರೆ ಮಂಕಾಗುತ್ತದೆ. ಕಿಟಕಿ ತೆರೆದಿಟ್ಟ ತರಗತಿಯಲ್ಲಿ ಕೋಷ್ಟಕ, ನಕ್ಷೆ ತೋರಿಸಲು ಇದೆಲ್ಲ ನಡೆಯುತ್ತದೆ. ಸಿನಿಮಾಕ್ಕೆ ನಡೆಯುವುದಿಲ್ಲ.

ಸರಿಪಡಿಸಲು ಹೊರಟವರು ಮೊದಲು ಕೈಹಾಕುವುದು ಮೆನುವಿನ ‘ಕಲರ್’ ಎಂಬ ಸಾಲಿಗೆ. ಈ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅದು ಕೊನೆಗೆ ಮುಟ್ಟಬೇಕಾದದ್ದು, ಬಹಳ ಸಲ ಮುಟ್ಟಲೇಬೇಕಾಗಿಲ್ಲ. ಮೊದಲು ಪರದೆ ಬಿಡಿಸಿ, ಕೋಣೆ ಕತ್ತಲು ಮಾಡಿ, ಮೋಡನ್ನು ‘ಸಿನಿಮಾ’ಕ್ಕೆ ತರಬೇಕು. ಆಮೇಲೆ ಬ್ರೈಟ್‌ನೆಸ್. ಹೆಸರು ಹಾಗಿದ್ದರೂ ಅದು ನಿರ್ಧರಿಸುವುದು ಕಪ್ಪನ್ನು. ‘ಘಟಶ್ರಾದ್ಧ’ದ ರಾತ್ರಿಯ ಕಾಡಿನ ದೃಶ್ಯವನ್ನು ನಿಲ್ಲಿಸಿಕೊಂಡು ನೋಡಿ: ಬ್ರೈಟ್‌ನೆಸ್ ಏರಿಸಿದಷ್ಟೂ ಕತ್ತಲು ಹೊಗೆಯಾಗುತ್ತದೆ, ಇಳಿಸಿದಷ್ಟೂ ಮರಗಳು ಕಪ್ಪಿನಲ್ಲಿ ಕರಗುತ್ತವೆ. ಇವೆರಡರ ನಡುವೆ ಒಂದು ಜಾಗವಿದೆ. ಕಾಂಟ್ರಾಸ್ಟಿನ ಕೆಲಸ ಬಿಳುಪಿನ ಕಡೆಯದು. ಬಿಸಿಲು ಬಿದ್ದ ಬಟ್ಟೆಯ ನೆರಿಗೆ ಅಳಿಸಿಹೋಗುವ ಮುಂಚೆ ನಿಲ್ಲಿಸಿದರಾಯಿತು.

ಕಠಿಣವಾದದ್ದು ಕಲರ್ ಟೆಂಪರೇಚರ್. ವಿಡಿಯೊ ಪ್ರತಿಗಳಿಗೆ ಒಪ್ಪಿತವಾದ ಬಿಳುಪು ಸುಮಾರು 6500 ಕೆಲ್ವಿನ್, ಮೆನುವಿನಲ್ಲಿ ಹೆಚ್ಚಾಗಿ ‘ವಾರ್ಮ್’ ಎಂಬುದರ ಹತ್ತಿರ. ನೀಲಿ ಬಿಳುಪಿಗೆ ಒಗ್ಗಿದ ಕಣ್ಣಿಗೆ ಇದು ಹಳದಿಯಾಗಿ ಕಾಣುತ್ತದೆ. ‘ಅಯ್ಯೋ, ಹಳೇ ಪೇಪರಿನ ಹಾಗಿದೆ’ ಎಂದು ಯಾರೋ ಹೇಳುತ್ತಾರೆ, ಆಪರೇಟರ್ ಗಾಬರಿಯಾಗಿ ಹಿಂದಿರುಗಿಸುತ್ತಾನೆ. ಹತ್ತು ನಿಮಿಷ ತಾಳಬೇಕು. ಕಣ್ಣು ಹೊಂದಿಕೊಂಡ ಮೇಲೆ ಮೊದಲಿನದಕ್ಕೆ ಮರಳಿದರೆ ಅದೇ ನೀಲಿಯಾಗಿ ಕಾಣಿಸುತ್ತದೆ. ಬಣ್ಣದ ತೀರ್ಮಾನವನ್ನು ಅವಸರದಲ್ಲಿ ಮಾಡಬಾರದೆನ್ನುವುದು ಇದಕ್ಕೇ. ಹಸಿರಿನ ಎಳೆ ಆಗಲೂ ಉಳಿದಿದ್ದರೆ ಹಸಿರಿನ ‘ಗೇನ್’ ಒಂದೆರಡು ಹೆಜ್ಜೆ ಇಳಿಸಬಹುದು.

ಕೆಲವು ಯಂತ್ರಗಳಲ್ಲಿ ‘ವಾಲ್ ಕಲರ್’ ಎಂಬ ಸೌಲಭ್ಯವಿದೆ: ಗೋಡೆ ತಿಳಿಹಳದಿಯೇ, ತಿಳಿಹಸಿರೇ ಎಂದು ಹೇಳಿದರೆ ಚಿತ್ರವನ್ನು ತಾನೇ ತಿದ್ದಿಕೊಡುತ್ತದೆ. ಇದನ್ನು ನಾನು ನೆಚ್ಚುವುದಿಲ್ಲ. ಗೋಡೆ ನುಂಗಿದ ಬೆಳಕನ್ನು ಯಂತ್ರ ಮರಳಿ ತರಲಾರದು. ಉಳಿದ ಬಣ್ಣಗಳನ್ನು ಕುಗ್ಗಿಸಿ ಸಮ ಮಾಡುತ್ತದೆ, ಅಷ್ಟೆ. ಅಚ್ಚಬಿಳಿ ಪರದೆಗೆ, ಇಲ್ಲವೇ ಹೊಳಪಿಲ್ಲದ ಬಿಳಿ ಬಣ್ಣಕ್ಕೆ ಮಾಡುವ ಖರ್ಚು ಇದಕ್ಕಿಂತ ಸಾರ್ಥಕ.

2024ರಲ್ಲಿ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಇಂಥ ಕೆಲಸದಲ್ಲಿ ಕಪ್ಪಿನ ಆಳ, ಬೂದಿನ ಹಂತ ಎಲ್ಲವನ್ನೂ ದೃಶ್ಯ ದೃಶ್ಯವಾಗಿ ತೂಗಿ ನೋಡಿರುತ್ತಾರೆ. ಅಂಥ ಪ್ರತಿಯನ್ನು ತರಿಸಿ ಡೈನಾಮಿಕ್‌ನಲ್ಲಿ ತೋರಿಸುವುದು ಆ ದುಡಿಮೆಗೆ ಮಾಡುವ ಅನ್ಯಾಯ. ಸಂಘಟಕರು ಪ್ರದರ್ಶನಕ್ಕೆ ಅರ್ಧ ಗಂಟೆ ಮುಂಚೆ ಬಂದು, ಸಿದ್ಧಪಡಿಸಿದ ಅಳತೆಗಳನ್ನು ‘ಯೂಸರ್’ ಮೋಡಿನಲ್ಲಿ ಉಳಿಸಿಟ್ಟರೆ ಮುಂದಿನ ಬಾರಿ ಕೆಲಸ ಹಗುರ. ಆದರೆ ದೀಪ ಹಳತಾದಂತೆ ಬೆಳಕು ಕುಂದುತ್ತದೆ, ಬಿಳುಪಿನ ಛಾಯೆಯೂ ಸರಿಯುತ್ತದೆ. ದೀಪ ಬದಲಿಸಿದಾಗಲಂತೂ ಎಲ್ಲವನ್ನೂ ಹೊಸದಾಗಿ ನೋಡಲೇಬೇಕು.