ಹುಡುಕುಯಂತ್ರದ ಪರಿಚಾರಕರು

ಅಂಗಡಿಯ ಜಾಲತಾಣವನ್ನು ಹುಡುಕುಯಂತ್ರದ ಕಣ್ಣಿಗೆ ಬೀಳುವಂತೆ ಸಜ್ಜುಗೊಳಿಸುವ ಎಸ್‌ಇಒ ಎಂಬ ಕಸುಬನ್ನು ವಣಿಕರ ಚಮತ್ಕಾರವೆಂದು ಕಡೆಗಣಿಸುವವರುಂಟು. ನನಗಾದರೋ ಅದರ ಅವಿಶ್ರಾಂತ ಜಾಗರೂಕತೆಯೇ ಶ್ಲಾಘ್ಯವೆನಿಸುತ್ತದೆ. ಒಂದು ಪುಟದ ಯೋಗ್ಯತೆಯನ್ನು ಅದರತ್ತ ಬೆರಳು ತೋರುವ ಇತರ ಪುಟಗಳ ಯೋಗ್ಯತೆಯಿಂದ ಅಳೆಯಬಹುದೆಂಬ ಸೂತ್ರವನ್ನು 1998ರಲ್ಲಿ ಸ್ಟ್ಯಾನ್‌ಫರ್ಡಿನ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಪ್ರಕಟಿಸಿದ ತರುವಾಯ, ಆ ಕೊಂಡಿಗಳನ್ನೇ ಕ್ರಯಕ್ಕೆ ಕೊಳ್ಳುವ ಚತುರರೂ ಹುಟ್ಟಿಕೊಂಡರು. ಗೂಗಲ್ 2011ರ ‘ಪಾಂಡಾ’ ಪರಿಷ್ಕರಣದಿಂದ (ಇದು ಮೃಗನಾಮವಲ್ಲ, ನವನೀತ್ ಪಾಂಡಾ ಎಂಬ ತಂತ್ರಜ್ಞರ ಹೆಸರು) ಸತ್ತ್ವಹೀನ ಬರಹಗಳನ್ನೂ, 2012ರ ‘ಪೆಂಗ್ವಿನ್’ನಿಂದ ಕೃತಕ ಕೊಂಡಿಗಳನ್ನೂ ಕೆಳಗಿಳಿಸಿತು, 2015ರಲ್ಲಿ ಮೊಬೈಲಿಗೆ ಒಗ್ಗುವ ಪುಟಗಳಿಗೆ ಮನ್ನಣೆಯಿತ್ತಿತು, ಇಂದಿಗೂ ವರ್ಷದಲ್ಲಿ ಹಲವು ಬಾರಿ ತನ್ನ ಮಾನದಂಡವನ್ನು ತಿದ್ದುತ್ತಲೇ ಇದೆ.

ಯಂತ್ರವೊಂದೇ ಬದಲಾಗುವುದಾಗಿದ್ದರೆ ಕಾರ್ಯ ಸುಲಭವಿತ್ತು. ಪ್ರತಿಸ್ಪರ್ಧಿಯೂ ಸುಮ್ಮನಿರನು, ಸರಕಿನ ಬೆಲೆಯೂ ನಿಲ್ಲದು, ಹಳೆಯ ಕೊಂಡಿಗಳು ಮುರಿಯುವುವು, ಗಿರಾಕಿಯು ಹುಡುಕುವ ಮಾತುಗಳೇ ಹಬ್ಬದಿಂದ ಹಬ್ಬಕ್ಕೆ ಬೇರೆಯಾಗುವುವು. ಇವೆಲ್ಲವನ್ನೂ ಕಾಲುವೆ ಕಾಯುವ ನೀರಗಂಟಿಯಂತೆ ನಿತ್ಯವೂ ಗಮನಿಸಿ, ಭಾರವಾದ ಚಿತ್ರವನ್ನು ಹಗುರಗೊಳಿಸಿ, ಮಬ್ಬಾದ ಶೀರ್ಷಿಕೆಯನ್ನು ತಿಳಿಯಾಗಿಸಿ, ಕೊಳ್ಳುವವನ ಸಂದೇಹಕ್ಕೆ ಅವನದೇ ನುಡಿಯಲ್ಲಿ ಉತ್ತರ ಬರೆಯುವವನು ನಿಜವಾದ ಕುಶಲಿ. ಒಮ್ಮೆ ಹಣ ತೆತ್ತರೆ ಪ್ರಥಮ ಸ್ಥಾನವನ್ನು ಚಿರಕಾಲ ಕೊಡಿಸುವೆನೆಂದು ಮಾತು ಕೊಡುವವನನ್ನು ಮಾತ್ರ ವರ್ತಕರು ದೂರವಿಡತಕ್ಕದ್ದು. ಅಂಥ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ಲೇ ಸ್ಪಷ್ಟಪಡಿಸಿದೆ.