ಅವಮಾನದ ನಡುವೆ ಒಂದು ಬ್ರೇಕು

ನಿಪ್ಪಾಣಿ, ಚಿಕ್ಕೋಡಿ, ಕಾಗವಾಡದ ಕೇರಿಗಳಿಗೆ ಟಿ.ವಿ.ಯ ಅಂಬೇಡ್ಕರರು ಎರಡು ಭಾಷೆಗಳಲ್ಲಿ ಬಂದರು. 2019ರಲ್ಲಿ ಸ್ಟಾರ್ ಪ್ರವಾಹದ ಮರಾಠಿ ಧಾರಾವಾಹಿ. 2020ರ ಜುಲೈಯಿಂದ ಜೀ ಕನ್ನಡದಲ್ಲಿ ಹಿಂದಿಯಿಂದ ಡಬ್ ಆದ 'ಮಹಾನಾಯಕ'. ಇದನ್ನು ಪ್ರಸಾರ ಮಾಡಿದ್ದಕ್ಕೆ ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆ ಕರೆಗಳು ಬಂದವು. ಕರ್ನಾಟಕದ ಊರೂರಲ್ಲಿ ಜನ ಧಾರಾವಾಹಿಯ ಪರವಾಗಿ ಫ್ಲೆಕ್ಸ್ ಕಟ್ಟಿದರು. ಆ ಪ್ರೀತಿಯನ್ನು ಹಗುರ ಮಾಡುವ ವಿಮರ್ಶೆ ನಮಗೆ ಬೇಕಿಲ್ಲ. ಆದರೆ ಪ್ರೀತಿ ಐತಿ ಅಂತ ಕೇಳಬೇಕಾದ್ದನ್ನು ಕೇಳದೆ ಬಿಡುವುದೂ ಸರಿಯಲ್ಲ.

ಆಟ ನಡುವೆ ನಿಲ್ಲುವುದು ನಮ್ಮ ಮಂದಿಗೆ ಹೊಸದೇನಲ್ಲ. ರಾತ್ರಿಯೆಲ್ಲ ನಡೆಯುವ ಪಾರಿಜಾತದಲ್ಲಿ ಪದ ನಿಲ್ಲಿಸಿ ಆಹೇರಿ ಕೊಟ್ಟವರ ಹೆಸರು ಕೂಗುತ್ತಾರೆ. ಗೌಡರ ಹೆಸರೇ ಮೊದಲು ಯಾಕೆ ಅನ್ನೋದು ಬೇರೆ ಮಾತು. ಆದರೆ ಕೊಟ್ಟವನು ಎದುರಿಗೇ ಕೂತಿರುತ್ತಾನೆ, ಅವನ ಹತ್ತು ರೂಪಾಯಿಗಾಗಿ ಕತೆ ದಾರಿ ಬದಲಿಸುವುದಿಲ್ಲ. ಟಿ.ವಿ.ಯಲ್ಲಿ ಜಾಹೀರಾತಿನ ಜಾಗ ಮೊದಲು, ಕತೆ ಆಮೇಲೆ. ಕೇಬಲ್ ಟಿ.ವಿ. ನಿಯಮ ತಾಸಿಗೆ 12 ನಿಮಿಷದ ಮಿತಿ ಹಾಕಿತು: 10 ವ್ಯಾಪಾರಕ್ಕೆ, 2 ವಾಹಿನಿಯ ಸ್ವಂತ ಪ್ರಚಾರಕ್ಕೆ. ನಿಮಿಷ ಎಣಿಸುವ ಕಾನೂನಿಗೆ ಕತೆಯನ್ನು ಎಲ್ಲಿ ಕತ್ತರಿಸಿದರು ಎಂಬುದು ಕಾಣುವುದಿಲ್ಲ.

ಎಲ್ಲಿ ಕತ್ತರಿಸುತ್ತಾರೆ? ನೋಡುವವರು ಚಾನೆಲ್ ಬದಲಿಸಲಾರದ ಜಾಗದಲ್ಲಿ. ಎತ್ತಿದ ಕೈ ಇಳಿಯುವ ಮೊದಲು, ಹುಡುಗ ನೀರು ಮುಟ್ಟುವ ಮೊದಲು. ಅಲ್ಲಿ ಸಂಗೀತ, ಅಲ್ಲೇ ಬ್ರೇಕು. ಅವಮಾನ ಕುತೂಹಲವಾಗಿಬಿಡುತ್ತದೆ. 'ಮುಂದೇನಾಗತೈತಿ' ಅಂತ ಕಾಯುವವನು 'ಹಿಂಗ್ಯಾಕ ಆಗತೈತಿ' ಅಂತ ಕೇಳುವುದನ್ನು ಮರೆಯುತ್ತಾನೆ. ಮೈಲಿಗೆಯ ಮಾತಿನ ಬೆನ್ನಿಗೇ ಸಾಬೂನು ಬಂದು ಶುದ್ಧಿಯ ಪಾಠ ಹೇಳಿದರೆ, ಅದರ ಕ್ರೌರ್ಯ ಆ ಮಾತು ಕೇಳಿ ಬೆಳೆದವರಿಗೇ ಗೊತ್ತು.

ಸತ್ಯಜಿತ್ ರೇ 1981ರಲ್ಲಿ ದೂರದರ್ಶನಕ್ಕೆಂದೇ ಮಾಡಿದ 'ಸದ್ಗತಿ'ಯಲ್ಲಿ ದುಖಿ ಕಟ್ಟಿಗೆ ಸೀಳುತ್ತಲೇ ಇರುತ್ತಾನೆ. (ರೇ ಕೇರಿಯವರಲ್ಲ, ಆ ಪ್ರಶ್ನೆ ಇದ್ದೇ ಇದೆ.) ಆ ದಣಿವು ನೋಡುವವರ ಮೈಗೂ ಹತ್ತುತ್ತದೆ. ನಡುನಡುವೆ ಬಿಸ್ಕಿಟು, ಬೈಕು ಬಂದರೆ ಹತ್ತೀತೆ?

ಇನ್ನು ನಮ್ಮ ನಿಪ್ಪಾಣಿ. 1925ರ ಏಪ್ರಿಲ್‌ನಲ್ಲಿ ಇಲ್ಲಿ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ನಡೆಯಿತು. ಪರಿಷತ್ತೆಂದರೆ ಭಾಷಣ, ಚರ್ಚೆ, ಕೂತು ಕೇಳುವ ಮಂದಿ. ಬ್ರೇಕಿನ ಹೊತ್ತಿಗೆ ಎತ್ತಿ ನಿಲ್ಲಿಸಲು ಅಲ್ಲಿ ಯಾರ ಕೈಯೂ ಸಿಗುವುದಿಲ್ಲ. ಅತ್ತ ಬಾಲ್ಯ ಕಂತುಕಂತಾಗಿ ಬೆಳೆಯುತ್ತದೆ. ಇತ್ತ ವಾದಿಸುವ, ಸಂಘಟಿಸುವ ಅಂಬೇಡ್ಕರರಿಗೆ ಎಷ್ಟು ನಿಮಿಷ? ರಾಯಬಾಗ, ಅಥಣಿಯ ಗೆಳೆಯರು ಮುಂದೆ ಇಂಥ ಧಾರಾವಾಹಿಯನ್ನು ಕೂಡಿ ನೋಡುವಾಗ, ಬ್ರೇಕಿನಲ್ಲಿ ದನಿ ಆರಿಸಿ ಅಂಬೇಡ್ಕರರ ಬರಹದ ಒಂದು ಪುಟ ಓದಲಿ. 12 ನಿಮಿಷ ಕಡಿಮೆ ಹೊತ್ತೇನಲ್ಲ.