ಅಂಗಳದಲ್ಲಿ ಬಿಚ್ಚಿದ ಯೆಜ್ಡಿ

ಮೈಸೂರಿನ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅದರ ಎಂಜಿನ್ನುಗಳು ಇವತ್ತಿಗೂ ಮನೆಯಂಗಳಗಳಲ್ಲಿ ಬಿಚ್ಚಿಸಿಕೊಂಡು, ಮತ್ತೆ ಕೂಡಿಕೊಂಡು ಓಡುತ್ತಿವೆ. ಅಲ್ಲಿ ತಯಾರಾದ ಯೆಜ್ಡಿ 250ಕ್ಕೆ ನಾನು ಮನಸೋತಿದ್ದು ಇದಕ್ಕೇ: ಬಿಚ್ಚಿದವರಿಂದ ಅದು ಏನನ್ನೂ ಮುಚ್ಚಿಡುವುದಿಲ್ಲ. ಒಂದು ಸಿಲಿಂಡರು, ಎರಡು ಸೈಲೆನ್ಸರು. ವಾಲ್ವಿಲ್ಲ, ಕ್ಯಾಮಿಲ್ಲ, 65 ಮಿ.ಮೀ. ಬೋರಿನಲ್ಲಿ 75 ಮಿ.ಮೀ. ಏರಿಳಿಯುವ ಪಿಸ್ಟನ್ನೇ ಪೋರ್ಟುಗಳನ್ನು ತೆರೆದು ಮುಚ್ಚುತ್ತದೆ. ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲೆತ್ತಿದರೆ ಕಿಕ್ಕರ್! ಎಂಥ ಜಾಣ ಕೆಲಸ.

ಆದರೆ ಅದನ್ನು ಮತ್ತೆ ಕೂಡಿಸುವಾಗ ನಮ್ಮ ಕಲಬುರಗಿಯ ಬಿಸಿಲನ್ನು ಮರೆಯುವಂತಿಲ್ಲ; ಬೇಸಿಗೆ 42 ಡಿಗ್ರಿ ದಾಟುತ್ತದೆ. ಅಲ್ಯೂಮಿನಿಯಂ ಪಿಸ್ಟನ್ನು ಬೀಡುಕಬ್ಬಿಣದ ಸಿಲಿಂಡರಿಗಿಂತ ಹೆಚ್ಚು ಹಿಗ್ಗುವುದರಿಂದ, ನಡುವಿನ ಸಂದು ಕೂದಲೆಳೆಯಷ್ಟು ಕಡಿಮೆಯಾದರೂ ಎಂಜಿನ್ ಜಾಮಾಗುತ್ತದೆ. ಹಾಗಾಗಿ ಓವರ್‌ಸೈಜ್ ಪಿಸ್ಟನ್ನನ್ನು ಮೊದಲು ತಂದು ಅಳೆದು, ಅದಕ್ಕೆ ತಕ್ಕಂತೆ ಬೋರ್ ಹೊಡೆಸಬೇಕು. ಕ್ರ್ಯಾಂಕ್ ನೇರ ಮಾಡುವುದನ್ನು ಲೇತಿನವರಿಗೇ ಬಿಡಿ. ಆಯಿಲ್ ಸೀಲುಗಳು ಮಾತ್ರ ಹೊಸವೇ ಇರಲಿ. ಟು-ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು; ಅಲ್ಲಿ ಗಾಳಿ ನುಗ್ಗಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಸುಡುತ್ತದೆ.

ಮಾರ್ಪಾಡಿನ ಮಾತು ಬಂದರೆ, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು ನನಗೆ ಒಪ್ಪಿಗೆ. ವೇಗಕ್ಕಾಗಿ ಪೋರ್ಟ್ ಕೊರೆಯುವುದನ್ನು ಒಪ್ಪಲಾರೆ. ನಿಧಾನಗತಿಯಲ್ಲಿ ಎಂಜಿನ್ ಎಳೆಯುವ ಸೊಗಸೇ ಹಾಳಾಗುತ್ತದೆ.

ಹೊಸ ರಿಂಗು ಪಳಗಿಸಲು ಹುಮನಾಬಾದ್ ರಸ್ತೆ ಹಿಡಿದು, ಕೆಂಪು ಬಾಳೆಯ ಕಮಲಾಪುರದವರೆಗೆ ಬೆಳಗಿನ ತಂಪಿನಲ್ಲಿ ಹೋಗಿಬರುವುದು ಒಳ್ಳೆಯದು. ಒಂದೇ ವೇಗ ಬೇಡ, ಥ್ರಾಟಲ್ ಏರಿಳಿಯುತ್ತಿರಲಿ. ಕಮಲಾಪುರದಲ್ಲಿ ಎಂಜಿನ್ ಆರಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತಿಳಿಕಂದು ಬಣ್ಣವಿದ್ದರೆ ಮಿಶ್ರಣ ಸರಿಯಿದೆ. ಬಿಳಿಚಿದ್ದರೆ ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ ಹಾಕಿಯೇ ಕಲಬುರಗಿಗೆ ತಿರುಗಿ.